1 ಒತ್ತಿದ ಮೇಲೆ: ಆಯುಷ್ಮಾನ್ ಕಾರ್ಡಿನ ಹೆಸರಲ್ಲಿ ಬಂದ ರೆಕಾರ್ಡೆಡ್ ಕರೆಯ ಒಂದು ಪ್ರಕರಣ

ಈ ಪ್ರಕರಣದಲ್ಲಿ ಬರುವ ಮನೆ ಒಂದೇ. ಆದರೆ ಇದೇ ಬಗೆಯ ವಂಚನೆಗಳಲ್ಲಿ ಮತ್ತೆ ಮತ್ತೆ ಕಾಣಿಸುವ ಹೆಜ್ಜೆಗಳನ್ನು ಒಂದೆಡೆ ಸೇರಿಸಿ ಅದನ್ನು ಕಟ್ಟಲಾಗಿದೆ. ಊರು, ವಯಸ್ಸು, ಮೊತ್ತ, ಸಮಯ ಯಾವುದರಿಂದಲೂ ಯಾರ ಗುರುತೂ ಸಿಗದು. ಮನೆಯ ಹಿರಿಯರನ್ನು ಮೇಷ್ಟ್ರು ಎಂದು ಕರೆಯೋಣ. ಅವರಿಗೆ ಎರಡು ಬ್ಯಾಂಕುಗಳಲ್ಲಿ ಖಾತೆ: ಒಂದು ಪಿಂಚಣಿ ಬರುವ ಬ್ಯಾಂಕು, ಇನ್ನೊಂದು ಹಳೇ ಉಳಿತಾಯದ ಬ್ಯಾಂಕು. ಎರಡನೆಯದನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ಮನೆಯವರು ಅದನ್ನೇ ಮರೆತಿದ್ದರು.

ಹಿನ್ನೆಲೆ

ಮೇಷ್ಟ್ರಿಗೆ 74, ಅವರ ಹೆಂಡತಿಗೆ 71. ತಾಲ್ಲೂಕು ಕೇಂದ್ರವೊಂದರಲ್ಲಿ ಸ್ವಂತ ಮನೆ, ಮಗಳು ಬೆಂಗಳೂರಿನಲ್ಲಿ. ಮೇಷ್ಟ್ರು ದಿನವೂ ಪತ್ರಿಕೆ ಓದುತ್ತಾರೆ, ಕರೆಂಟ್ ಬಿಲ್ಲನ್ನು ಫೋನಿನಲ್ಲೇ ಕಟ್ಟುತ್ತಾರೆ. ಒಟಿಪಿಯನ್ನು ಯಾರಿಗೂ ಹೇಳಬಾರದೆಂಬುದು ಅವರಿಗೆ ಬಾಯಿಪಾಠ. ಎರಡೂ ಖಾತೆಗಳಿಗೆ ಡೆಬಿಟ್ ಕಾರ್ಡ್ ಇದೆ, ಎರಡಕ್ಕೂ ಜೋಡಿಸಿರುವುದು ಒಂದೇ ಮೊಬೈಲ್ ನಂಬರ್. ಪಿಂಚಣಿ ಖಾತೆಗೆ ಮಗಳ ಇಮೇಲ್ ಕೂಡ ಕೊಟ್ಟಿದ್ದರು. ಅದೊಂದು ಮುಂದೆ ಉಪಕಾರಕ್ಕೆ ಬಂತು.

ಕರೆ ಬರುವುದಕ್ಕೆ ಎರಡು ವಾರ ಮೊದಲು, ಹೆಂಡತಿಯ ಮಂಡಿ ಕೀಲು ಬದಲಿಸಬೇಕೆಂದು ಖಾಸಗಿ ಆಸ್ಪತ್ರೆಯೊಂದು ಹೇಳಿತ್ತು. ಅಂದಾಜು ವೆಚ್ಚದ ಚೀಟಿಯಲ್ಲಿ ಒಂದು ಕಾಲಿಗೆ 2,10,000 ರೂ. ಅಂದಿನಿಂದ ಮನೆಯಲ್ಲಿ ಸರ್ಕಾರಿ ಕಾರ್ಡಿನ ಮಾತು ನಡೆದೇ ಇತ್ತು.

ಈ ಕಾರ್ಡಿನ ಸುತ್ತಲಿನ ಗೊಂದಲವೇ ವಂಚಕರ ಬಂಡವಾಳ. ಆಯುಷ್ಮಾನ್ ಭಾರತ್ ಪ್ರಧಾನಮಂತ್ರಿ ಜನ ಆರೋಗ್ಯ ಯೋಜನೆ ಶುರುವಾದದ್ದು 2018ರ ಸೆಪ್ಟೆಂಬರ್ 23ರಂದು. ಅರ್ಹ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂ. ತನಕ ಒಳರೋಗಿ ಚಿಕಿತ್ಸೆಯ ವೆಚ್ಚ ಸಿಗುತ್ತದೆ. 2024ರ ಅಕ್ಟೋಬರ್ 29ರಂದು ಕೇಂದ್ರ ಸರ್ಕಾರ ಇದನ್ನು 70 ತುಂಬಿದ ಎಲ್ಲರಿಗೂ, ಆದಾಯ ನೋಡದೆ, ‘ಆಯುಷ್ಮಾನ್ ವಯ ವಂದನಾ’ ಕಾರ್ಡಿನ ಹೆಸರಲ್ಲಿ ವಿಸ್ತರಿಸಿತು. ಕರ್ನಾಟಕದಲ್ಲಿ ಕೇಂದ್ರದ್ದೂ ರಾಜ್ಯದ್ದೂ ಕೂಡಿ ‘ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ’ ಎಂಬ ಜಂಟಿ ಯೋಜನೆ ಇದೆ. ಅದರಲ್ಲಿ ಬಿಪಿಎಲ್ ಕುಟುಂಬಕ್ಕೆ 5 ಲಕ್ಷ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ (ಆ ಚಿಕಿತ್ಸೆಗೆ ಯೋಜನೆ ಗೊತ್ತುಮಾಡಿದ ದರದ) ಶೇ 30, ಅದೂ ವರ್ಷಕ್ಕೆ ಒಂದೂವರೆ ಲಕ್ಷದ ಮಿತಿಯೊಳಗೆ. ಹೆಸರು ಮೂರು, ಷರತ್ತು ಹತ್ತಾರು. ‘ನಿಮಗೆ ಮಂಜೂರಾಗಿದೆ’ ಎಂದು ಯಾರಾದರೂ ಹೇಳಿದರೆ, ಆಗಿರಲಿಕ್ಕಿಲ್ಲ ಎಂದು ಎದೆತಟ್ಟಿ ಹೇಳುವಷ್ಟು ತಿಳಿದವರು ಮನೆಗಳಲ್ಲಿ ಇರುವುದು ಕಡಿಮೆ.

ಕರೆ

ಮಂಗಳವಾರ ಬೆಳಿಗ್ಗೆ 10:40. ಮಾಮೂಲಿ 10 ಅಂಕಿಯ ಮೊಬೈಲ್ ನಂಬರು. ಹೆಣ್ಣುದನಿಯ ಕನ್ನಡ ರೆಕಾರ್ಡಿಂಗ್:

“ನಮಸ್ಕಾರ. ಆಯುಷ್ಮಾನ್ ಆರೋಗ್ಯ ಯೋಜನೆಯಡಿ ನಿಮ್ಮ ಕುಟುಂಬದ ಹಿರಿಯ ನಾಗರಿಕರಿಗೆ 5 ಲಕ್ಷ ರೂಪಾಯಿಗಳ ಉಚಿತ ಚಿಕಿತ್ಸೆ ಮಂಜೂರಾಗಿದೆ. ಇಂದು ಸಂಜೆಯೊಳಗೆ ದೃಢೀಕರಿಸದಿದ್ದಲ್ಲಿ ರದ್ದಾಗುತ್ತದೆ. ಪ್ರತಿನಿಧಿಯೊಂದಿಗೆ ಮಾತನಾಡಲು 1 ಒತ್ತಿ. ಬೇಡವಾದಲ್ಲಿ 9 ಒತ್ತಿ.”

ಮೇಷ್ಟ್ರು 1 ಒತ್ತಿದರು. ಮುಂದಿನ ಅರ್ಧ ನಿಮಿಷದ ಮಾತು ಹೀಗಿತ್ತು:

“ನಮಸ್ಕಾರ ಸರ್. ಕಾರ್ಡು ತಮಗೋ, ಮನೇಲಿ ಮೇಡಮ್ಮೋರಿಗೋ?”

“ನಮ್ಮ ಮನೆಯವರಿಗೆ. ಮಂಡಿ ಆಪರೇಷನ್ ಆಗ್ಬೇಕು ಅಂದಿದಾರೆ.”

“ಹೌದು ಸರ್, ಇಲ್ಲಿ ಮಂಡಿ ಆಪರೇಷನ್ ಅಂತಾನೇ ತೋರಿಸ್ತಾ ಇದೆ. ಮೇಡಮ್ ವಯಸ್ಸು 70 ದಾಟಿದೆ ಅಲ್ವಾ?”

“ಎಪ್ಪತ್ತೊಂದು.”

“ಕರೆಕ್ಟ್ ಸರ್, ಎಪ್ಪತ್ತೊಂದು.”

ಆಮೇಲೆ ಮೇಷ್ಟ್ರು ಎಲ್ಲರ ಬಳಿಯೂ ಹೇಳಿದ್ದು ಒಂದೇ: “ಅವರಿಗೆ ನಮ್ಮ ವಿಷಯ ಎಲ್ಲಾ ಗೊತ್ತಿತ್ತು.” ಆಸ್ಪತ್ರೆಯವರೇ ವಿವರ ಸೋರಿಸಿದ್ದಾರೆ ಎಂದು ಮನೆಯಲ್ಲಿ ಎರಡು ದಿನ ಜಗಳವೂ ನಡೆಯಿತು. ಮೇಲಿನ ಮಾತುಕತೆಯನ್ನು ಮತ್ತೊಮ್ಮೆ ಓದಿದರೆ ಗೊತ್ತಾಗುತ್ತದೆ: ಆ ಕಡೆಯವನು ಒಂದು ವಿವರವನ್ನೂ ತಾನಾಗಿ ಹೇಳಿಲ್ಲ. ಮಂಡಿ ಎಂದವರು ಮೇಷ್ಟ್ರು, ಎಪ್ಪತ್ತೊಂದು ಎಂದವರೂ ಮೇಷ್ಟ್ರು. ಅವನು ಅದನ್ನೇ ತಿರುಗಿಸಿ ಒಪ್ಪಿಸಿದ. ಊರ ಜಾತ್ರೆಯ ಗಿಣಿಶಾಸ್ತ್ರದವನೂ ಮಾಡುವುದು ಇಷ್ಟನ್ನೇ. ನಿಜವಾಗಿಯೂ ವಿವರ ಸೋರಿಹೋದ ಪ್ರಕರಣಗಳೂ ಇವೆ. ಆದರೆ ಈ ಆಟ ಆಡಲು ಸೋರಿಕೆಯ ಅಗತ್ಯವೇ ಇಲ್ಲ.

ರೆಕಾರ್ಡಿಂಗ್ ಯಾಕೆ, ಕೀ ಯಾಕೆ?

ಡಯಲ್ ಮಾಡುವುದು ಸಾಫ್ಟ್‌ವೇರ್. ನಂಬರುಗಳ ಪಟ್ಟಿ ಕೊಟ್ಟರೆ ಒಂದಾದ ಮೇಲೊಂದು ಕರೆ ಮಾಡುತ್ತದೆ, ಎತ್ತಿದವರಿಗೆ ಧ್ವನಿ ಕೇಳಿಸುತ್ತದೆ, ಒತ್ತಿದ ಕೀಯ ಸ್ವರವನ್ನು ಗುರುತಿಸುತ್ತದೆ. ಬಹುತೇಕರು ಅರ್ಧದಲ್ಲೇ ಕಟ್ ಮಾಡುತ್ತಾರೆ. ವಂಚಕನಿಗೆ ಬೇಕಾದದ್ದೂ ಅದೇ. ಕಾಳು ಜೊಳ್ಳು ಬೇರೆ ಮಾಡುವ ಕೆಲಸವನ್ನು ಯಂತ್ರ ಪುಕ್ಕಟೆ ಮಾಡಿಕೊಡುತ್ತದೆ. ಮನೆಯಲ್ಲಿ ಕಾಯಿಲೆ ಇರುವವರು, ಕಾರ್ಡಿನ ನಿರೀಕ್ಷೆಯಲ್ಲಿ ಇರುವವರು, ಆತುರದಲ್ಲಿ ಇರುವವರು ಮಾತ್ರ 1 ಒತ್ತುತ್ತಾರೆ. ಮಾತಾಡುವ ಮನುಷ್ಯನ ಸಮಯ ಅಂಥವರ ಮೇಲೆ ಮಾತ್ರ ಖರ್ಚಾಗುತ್ತದೆ.

‘ಬೇಡವಾದಲ್ಲಿ 9’ ಎಂಬುದೂ ಅದೇ ಜರಡಿಯ ಇನ್ನೊಂದು ತೂತು. 9 ಒತ್ತಿದರೆ ಪಟ್ಟಿಯಿಂದ ಹೆಸರು ಹೋಗುವುದಿಲ್ಲ. ಈ ನಂಬರಿನಲ್ಲಿ ಕಿವಿಗೊಟ್ಟು ಕೇಳುವ ಮನುಷ್ಯ ಇದ್ದಾನೆ ಎಂದು ದಾಖಲಾಗುತ್ತದೆ. ಏನನ್ನೂ ಒತ್ತದೆ ಇಟ್ಟುಬಿಡುವುದೊಂದೇ ಸರಿ.

ಇಲ್ಲೊಂದು ತಪ್ಪು ತಿಳಿವಳಿಕೆಯನ್ನೂ ಹೇಳಬೇಕು. ಕೋವಿಡ್ ಲಸಿಕೆಯ ದಿನಗಳಿಂದಲೂ ವಾಟ್ಸ್ಆ್ಯಪ್‌ನಲ್ಲಿ ಒಂದು ಎಚ್ಚರಿಕೆ ಸುತ್ತುತ್ತಿದೆ: ಕೀ ಒತ್ತಿದ ಕೂಡಲೇ ಫೋನ್ ಹ್ಯಾಕ್ ಆಗುತ್ತದೆ, ಖಾತೆ ಖಾಲಿಯಾಗುತ್ತದೆ ಎಂದು. ಹಾಗೇನೂ ಆಗುವುದಿಲ್ಲ. ಕೀ ಒತ್ತಿದರೆ ಹೋಗುವುದು ಒಂದು ಸ್ವರ ಮಾತ್ರ. ಈ ಸುಳ್ಳು ಎಚ್ಚರಿಕೆ ನಿಜವಾಗಿ ಕೆಡುಕು ಮಾಡುತ್ತದೆ. ಒತ್ತಿದ ಮೇಲೂ ಏನೂ ಆಗದಿದ್ದಾಗ ‘ಓಹೋ, ಇದು ಮೋಸದ ಕರೆಯಲ್ಲ’ ಎಂಬ ಧೈರ್ಯ ಬರುತ್ತದೆ. ಮೇಷ್ಟ್ರಿಗೆ ಬಂದದ್ದೂ ಅದೇ ಧೈರ್ಯ.

ನಂಬರಿನಿಂದ ಗುರುತಿಸಬಹುದೇ? ಸ್ವಲ್ಪ ಮಟ್ಟಿಗೆ. ಪ್ರಚಾರದ ಕರೆಗಳಿಗೆ 140ರಿಂದ ಶುರುವಾಗುವ ಸರಣಿ ಇದೆ. ಬ್ಯಾಂಕು, ವಿಮಾ ಸಂಸ್ಥೆ ಮತ್ತು ಸರ್ಕಾರದ ಸೇವಾ ಕರೆಗಳಿಗೆಂದು ದೂರಸಂಪರ್ಕ ಇಲಾಖೆ 2024ರಲ್ಲಿ 160ರಿಂದ ಶುರುವಾಗುವ ಸರಣಿಯನ್ನು ಮೀಸಲಿಟ್ಟಿತು. ಸರ್ಕಾರದ ಯೋಜನೆ ಎಂದು ಹೇಳಿಕೊಂಡು ಮಾಮೂಲಿ ಮೊಬೈಲ್ ನಂಬರಿನಿಂದ ರೆಕಾರ್ಡಿಂಗ್ ಬಂದರೆ ಅನುಮಾನಕ್ಕೆ ಅಷ್ಟೇ ಸಾಕು. ಆದರೆ ನಂಬರನ್ನೇ ನೆಚ್ಚಿಕೊಳ್ಳುವಂತಿಲ್ಲ. ಆಶಾ ಕಾರ್ಯಕರ್ತೆಯೂ ಮಾಮೂಲಿ ನಂಬರಿನಿಂದಲೇ ಫೋನ್ ಮಾಡುತ್ತಾರೆ. ಪರದೆಯ ಮೇಲೆ ಕಾಣುವ ನಂಬರನ್ನು ಬದಲಿಸಿ ತೋರಿಸುವ ತಂತ್ರವೂ ಇದೆ.

ಮುಕ್ಕಾಲು ಗಂಟೆಯ ಕೆಲಸ

‘ಪ್ರತಿನಿಧಿ’ ಮೊದಲು ಕೇಳಿದ್ದು ಆಧಾರ್ ಸಂಖ್ಯೆ. ಆಯುಷ್ಮಾನ್ ಕಾರ್ಡಿನ ಅಸಲಿ ನೋಂದಣಿಯಲ್ಲೂ ಆಧಾರ್ ಬೇಕು, ಆಧಾರ್ ಒಟಿಪಿಯಿಂದ ದೃಢೀಕರಣವೂ ಇದೆ. ಸುಳ್ಳು ಗಟ್ಟಿಯಾಗಿ ನಿಂತದ್ದು ಈ ನಿಜದ ಮೇಲೆ. ವ್ಯತ್ಯಾಸ ಇಷ್ಟೇ: ಅಸಲಿಯಲ್ಲಿ ಅದನ್ನು ರಾಷ್ಟ್ರೀಯ ಆರೋಗ್ಯ ಪ್ರಾಧಿಕಾರದ ಪೋರ್ಟಲ್‌ನಲ್ಲೋ, ಪ್ಲೇ ಸ್ಟೋರಿನಲ್ಲಿರುವ ಅದರ ‘ಆಯುಷ್ಮಾನ್’ ಆ್ಯಪ್‌ನಲ್ಲೋ ನೀವೇ ಹೋಗಿ ತುಂಬುತ್ತೀರಿ, ಇಲ್ಲವೇ ಆಸ್ಪತ್ರೆಯ ಕೌಂಟರಿನಲ್ಲಿ ಕೂತು ತುಂಬಿಸುತ್ತೀರಿ.

ಒಟಿಪಿ ಎಂಬ ಮಾತು ಬಂದಾಗ ಮೇಷ್ಟ್ರು ಎಚ್ಚೆತ್ತರು. “ಒಟಿಪಿ ಎಲ್ಲಾ ನಾನು ಹೇಳೋದಿಲ್ಲ” ಎಂದರು. ಆ ಕಡೆಯವನು ಸಿಟ್ಟಾಗಲಿಲ್ಲ, ಬೆದರಿಸಲಿಲ್ಲ. “ಹೇಳ್ಲೇಬಾರ್ದು ಸರ್. ಯಾರು ಕೇಳಿದ್ರೂ ಹೇಳ್ಬೇಡಿ. ನಿಮಗೆ ಆ್ಯಪ್ ಕಳಿಸ್ತೀನಿ, ನೀವೇ ತುಂಬ್ಕೊಳ್ಳಿ” ಎಂದ.

ಪ್ರಕರಣದ ಮೊದಲ ತಿರುವು ಇದು. ಮೇಷ್ಟ್ರ ಬಳಿ ಇದ್ದ ಒಂದೇ ಒಂದು ರಕ್ಷಣೆಯನ್ನು ಅವನು ಹೊಗಳಿ, ಪಕ್ಕಕ್ಕಿಟ್ಟ.

ವಾಟ್ಸ್ಆ್ಯಪ್‌ಗೆ ಬಂದದ್ದು ಎಪಿಕೆ ಫೈಲು. ಎಪಿಕೆ ಎಂದರೆ ಪ್ಲೇ ಸ್ಟೋರಿನ ತಪಾಸಣೆ ಇಲ್ಲದೆ ನೇರವಾಗಿ ಫೋನಿಗೆ ಇಳಿಯುವ ಆ್ಯಪ್. ಐಕಾನಿನ ಜಾಗದಲ್ಲಿ ಸರ್ಕಾರಿ ಲಾಂಛನ ಇತ್ತು. ಫೋನು ತಡೆದೂ ನೋಡಿತು: ಈ ಮೂಲದಿಂದ ಆ್ಯಪ್ ಹಾಕಿಕೊಳ್ಳಲು ಅನುಮತಿ ಇಲ್ಲ ಎಂದಿತು, ಅಪಾಯದ ಆ್ಯಪ್‌ಗಳನ್ನು ಪತ್ತೆಹಚ್ಚುವ ಗೂಗಲ್‌ನ ಪ್ಲೇ ಪ್ರೊಟೆಕ್ಟ್ ಎಚ್ಚರಿಕೆ ತೋರಿಸಿತು. ಫೋನನ್ನು ಸ್ಪೀಕರಿಗೆ ಹಾಕಿಸಿದ್ದ ‘ಪ್ರತಿನಿಧಿ’, ಯಾವ ಬಟನ್ ಎಲ್ಲಿದೆ ಎಂದು ಒಂದೊಂದಾಗಿ ಹೇಳಿ ದಾಟಿಸಿದ. “ಕೆಂಪಗೆ ಬಂತಾ ಸರ್? ಅದು ಬರತ್ತೆ. ‘ಮೋರ್ ಡೀಟೇಲ್ಸ್’ ಒತ್ತಿ, ಕೆಳಗಡೆ ಸಣ್ಣಕ್ಷರದಲ್ಲಿ ‘ಇನ್‌ಸ್ಟಾಲ್ ಎನಿವೇ’ ಅಂತಿರತ್ತೆ.” ಎಚ್ಚರಿಕೆ ಬಂದ ಕೂಡಲೇ ‘ಅದು ಬರತ್ತೆ’ ಎಂದು ಹೇಳಿಬಿಟ್ಟರೆ, ಅದು ಎಚ್ಚರಿಕೆಯಾಗಿ ಉಳಿಯುವುದಿಲ್ಲ.

ಆ್ಯಪ್ ಕೇಳಿದ ಅನುಮತಿಗಳು: ಎಸ್ಎಂಎಸ್ ಓದಲು, ಎಸ್ಎಂಎಸ್ ಕಳಿಸಲು, ಕರೆಗಳಿಗೆ, ಅಕ್ಸೆಸಿಬಿಲಿಟಿಗೆ (ಪರದೆ ನೋಡಿ, ನಿಮ್ಮ ಪರವಾಗಿ ಬಟನ್ ಒತ್ತುವ ಅಧಿಕಾರ). ಮೊದಲನೆಯದೊಂದೇ ಸಾಕಿತ್ತು. ಆ ಗಳಿಗೆಯಿಂದ ಮೇಷ್ಟ್ರ ಫೋನಿಗೆ ಬರುವ ಪ್ರತಿ ಮೆಸೇಜಿನ ಪ್ರತಿ ಇನ್ನೊಂದು ಕಡೆಗೂ ಹೋಗುತ್ತಿತ್ತು. ಬಾಯಿಬಿಟ್ಟು ಹೇಳದ ಒಟಿಪಿಯನ್ನು ಆ್ಯಪ್ ತಾನೇ ಓದಿಕೊಳ್ಳುತ್ತಿತ್ತು.

ಕೊನೆಗೆ ಒಂದು ಫಾರಂ: ಹೆಸರು, ಹುಟ್ಟಿದ ದಿನ, ಆಧಾರ್, ‘ನೋಂದಣಿ ಶುಲ್ಕ 10 ರೂ.’. ಕಾರ್ಡ್ ನಂಬರು, ಅವಧಿ, ಹಿಂಬದಿಯ ಮೂರಂಕಿ ತುಂಬಬೇಕು. ಪಿಂಚಣಿ ಬ್ಯಾಂಕಿನ ಕಾರ್ಡ್ ತುಂಬಿದಾಗ ‘ಪಾವತಿ ವಿಫಲ, ಬೇರೆ ಕಾರ್ಡ್ ಬಳಸಿ’ ಎಂದು ಬಂತು. ಹಳೇ ಬ್ಯಾಂಕಿನ ಕಾರ್ಡ್ ತುಂಬಿದಾಗ ‘ಯಶಸ್ವಿ’. ವಾಸ್ತವದಲ್ಲಿ ಯಾವ ಪಾವತಿಯೂ ನಡೆದಿರಲಿಲ್ಲ, ಯಾವ ಖಾತೆಯಿಂದಲೂ 10 ರೂ. ಹೋಗಿರಲಿಲ್ಲ. ಆ ಪುಟ ಮೊದಲ ಕಾರ್ಡನ್ನು ಯಾವಾಗಲೂ ‘ವಿಫಲ’ ಎನ್ನುವಂತೆಯೇ ಮಾಡಿಟ್ಟದ್ದು. ಒಬ್ಬರಿಂದ ಎರಡು ಕಾರ್ಡ್ ಸಿಗಲಿ ಎಂದು.

11:25ಕ್ಕೆ ಕರೆ ಮುಗಿಯಿತು. ಆ್ಯಪಿನ ಐಕಾನ್ ಪರದೆಯಿಂದ ಮಾಯವಾಯಿತು. “ವೆರಿಫಿಕೇಶನ್ ಆದ್ಮೇಲೆ ತಾನಾಗೇ ಹೋಗತ್ತೆ ಸರ್” ಎಂದು ಅದಕ್ಕೂ ಮೊದಲೇ ಹೇಳಿದ್ದ.

ರಾತ್ರಿ ಮತ್ತು ಬೆಳಗು

ರಾತ್ರಿ 11:51ಕ್ಕೆ ಪಿಂಚಣಿ ಖಾತೆಯಿಂದ 49,500 ರೂ. ಹೋಯಿತು. 12:07ಕ್ಕೆ ಮತ್ತೆ 49,500. ಈ ಹೊತ್ತಿಗೆ ಕಾರಣವಿದೆ: ಮನೆಯವರು ಮಲಗಿರುತ್ತಾರೆ, ತಾರೀಕು ಬದಲಾದರೆ ದಿನದ ಮಿತಿಯೂ ಹೊಸದಾಗುತ್ತದೆ. ಬ್ಯಾಂಕಿನ ಮೆಸೇಜುಗಳನ್ನು ಆ್ಯಪ್ ಅಳಿಸಿಹಾಕಿತ್ತು. ಇಮೇಲನ್ನು ಮುಟ್ಟಲು ಅದಕ್ಕೆ ಆಗಿರಲಿಲ್ಲ. ಬೆಳಿಗ್ಗೆ 6:15ಕ್ಕೆ ಮಗಳು ಇನ್‌ಬಾಕ್ಸ್ ನೋಡಿದಳು.

“ಅಪ್ಪಾ, ರಾತ್ರಿ ಯಾರಿಗಾದ್ರೂ ದುಡ್ಡು ಹಾಕಿದ್ಯಾ?”

“ಇಲ್ಲಮ್ಮ.”

“ಒಟಿಪಿ ಯಾರಿಗಾದ್ರೂ ಹೇಳಿದ್ಯಾ?”

“ಯಾರಿಗೂ ಹೇಳಿಲ್ಲ. ದೇವರಾಣೆ.”

ಅವರು ಹೇಳಿದ್ದು ನಿಜ. ಹಾಗಾಗಿ ಮಗಳು ಬ್ಯಾಂಕಿನದೇ ತಪ್ಪೆಂದು ತಿಳಿದಳು, ಆ್ಯಪಿನ ವಿಷಯ ಆ ಕ್ಷಣಕ್ಕೆ ಹೊರಬರಲಿಲ್ಲ. ‘ಒಟಿಪಿ ಹೇಳಬೇಡಿ’ ಎಂದು ವರ್ಷಗಟ್ಟಲೆ ಹೇಳಿಕೊಟ್ಟ ಪಾಠದ ಅಡ್ಡಪರಿಣಾಮ ಇದು: ಹೇಳದೆಯೂ ಹೋಗಬಹುದು ಎಂಬುದು ಯಾರ ತಲೆಗೂ ಬರುವುದಿಲ್ಲ.

ಮಗಳು ಮಾಡಿದ ಒಂದು ಒಳ್ಳೆಯ ಕೆಲಸ: ಬ್ಯಾಂಕಿನ ಸಹಾಯವಾಣಿಯ ನಂಬರನ್ನು ಇಂಟರ್‌ನೆಟ್‌ನಲ್ಲಿ ಹುಡುಕಲಿಲ್ಲ. ಅಪ್ಪನಿಗೆ ಡೆಬಿಟ್ ಕಾರ್ಡ್ ತಿರುಗಿಸಿ ಹಿಂದೆ ಅಚ್ಚಾಗಿರುವ ನಂಬರನ್ನು ಓದಿಸಿಕೊಂಡಳು. ಹುಡುಕಾಟದಲ್ಲಿ ಸಿಗುವ ‘ಕಸ್ಟಮರ್ ಕೇರ್’ ನಂಬರುಗಳಲ್ಲಿ ವಂಚಕರದೂ ಇರುತ್ತವೆ. ಗಾಬರಿಯಲ್ಲಿ ಇರುವವರು ಒಂದು ಬಾವಿಯಿಂದ ಇನ್ನೊಂದಕ್ಕೆ ಬೀಳುವುದು ಅಲ್ಲೇ. 6:35ಕ್ಕೆ ಪಿಂಚಣಿ ಬ್ಯಾಂಕಿನ ಕಾರ್ಡ್ ಬ್ಲಾಕ್ ಆಯಿತು, ದೂರಿನ ಸಂಖ್ಯೆಯೂ ಸಿಕ್ಕಿತು.

ಅಲ್ಲಿಂದ ಮುಂದೆ ಐದು ಗಂಟೆ ವ್ಯರ್ಥ. 10 ಗಂಟೆಗೆ ಬ್ಯಾಂಕ್ ಬಾಗಿಲು ತೆಗೆಯುವವರೆಗೆ ಕಾದರು. ಅಲ್ಲಿ ಅರ್ಜಿ ಬರೆದುಕೊಟ್ಟರು, ಸ್ಟೇಷನ್ನಿಗೆ ಹೋಗಿ ಎಂದರು, ಹೋದರು. ಅಲ್ಲಿದ್ದ ಪೇದೆಯೊಬ್ಬರು ಮೊದಲು ಕೇಳಿದ್ದೇ “1930ಕ್ಕೆ ಮಾಡಿದ್ರಾ?” ಎಂದು. ಮಾಡಿದ್ದು 11:50ಕ್ಕೆ.

1930 ಕೇಂದ್ರ ಗೃಹ ಸಚಿವಾಲಯದ ಸೈಬರ್ ವಂಚನೆ ಸಹಾಯವಾಣಿ. ಅಲ್ಲಿ ದೂರು ದಾಖಲಾದ ಕೂಡಲೇ ಹಣ ಯಾವ ಬ್ಯಾಂಕಿಗೆ ಹೋಗಿದೆಯೋ ಅಲ್ಲಿಗೆ ಸಂದೇಶ ಹೋಗುತ್ತದೆ. ಹಣ ಇನ್ನೂ ಅಲ್ಲಿದ್ದರೆ ತಡೆಹಿಡಿಯುತ್ತಾರೆ, ಮುಂದಕ್ಕೆ ಹೋಗಿದ್ದರೆ ಮುಂದಿನ ಬ್ಯಾಂಕಿಗೆ ತಿಳಿಸುತ್ತಾರೆ. ವಂಚಕರು ಹಣವನ್ನು ಒಂದು ಖಾತೆಯಲ್ಲಿ ಬಿಡುವುದಿಲ್ಲ, ಮೂರ್ನಾಲ್ಕು ಬಾಡಿಗೆ ಖಾತೆಗಳಿಗೆ ಚದುರಿಸಿ ಎಟಿಎಂನಲ್ಲಿ ತೆಗೆಯುತ್ತಾರೆ. ಇದು ಓಟದ ಪಂದ್ಯ. ಹಾಗಾಗಿ ಕ್ರಮ ಹೀಗಿರಬೇಕಿತ್ತು: 6:15ಕ್ಕೆ ಗೊತ್ತಾಯಿತು, 6:20ಕ್ಕೆ 1930, ಅದೇ ಹೊತ್ತಿಗೆ ಮನೆಯ ಇನ್ನೊಬ್ಬರಿಂದ ಬ್ಯಾಂಕಿಗೆ ಫೋನ್. ಬ್ಯಾಂಕಿಗೆ, ಸ್ಟೇಷನ್ನಿಗೆ ಹೋಗುವುದು ಆಮೇಲೆ. ಕರೆ ಮಾಡುವಾಗ ಕೈಯಲ್ಲಿ ಇರಬೇಕಾದ್ದು ಖಾತೆ ಸಂಖ್ಯೆ, ವಹಿವಾಟಿನ ಐಡಿ, ಮೊತ್ತ, ನಿಮಿಷದ ಸಮೇತ ಸಮಯ. ಇದೆಲ್ಲಾ ಮಗಳ ಇಮೇಲಿನಲ್ಲೇ ಇತ್ತು.

ಮೊದಲ 49,500 ಅಷ್ಟರಲ್ಲಿ ಕರಗಿಹೋಗಿತ್ತು. ಎರಡನೆಯದರಲ್ಲಿ 31,000 ರೂ. ಒಂದು ಖಾತೆಯಲ್ಲಿ ಇನ್ನೂ ಇತ್ತು, ಅದನ್ನು ತಡೆಹಿಡಿದರು. 12:20ಕ್ಕೆ ದೂರಿನ ಸ್ವೀಕೃತಿ ಸಂಖ್ಯೆ ಎಸ್ಎಂಎಸ್ ಆಗಿ ಮೇಷ್ಟ್ರ ಫೋನಿಗೆ ಬಂತು. ಆ ಹೊತ್ತಿಗೆ ಆ್ಯಪ್ ಅದೇ ಫೋನಿನಲ್ಲಿ ಇತ್ತು.

ಎರಡನೇ ನಷ್ಟ

ಸ್ಟೇಷನ್ನಿನಲ್ಲಿ ಕೂತಾಗ ಆ್ಯಪಿನ ವಿಷಯ ಹೊರಬಂತು. ಮೇಷ್ಟ್ರು ಫೋನ್ ತೆಗೆದು ಹುಡುಕಿದರು, ಐಕಾನ್ ಇರಲಿಲ್ಲ. “ಡಿಲೀಟ್ ಆಗಿದೆ” ಎಂದು ಎಲ್ಲರೂ ನಂಬಿದರು.

ಬುಧವಾರ ರಾತ್ರಿ ಹಳೇ ಉಳಿತಾಯ ಖಾತೆಯಿಂದ 18,000 ರೂ. ಹೋಯಿತು. ಅದಕ್ಕಿಂತ ಹೆಚ್ಚು ಅಲ್ಲಿ ಇರಲಿಲ್ಲ.

ಇದು ಪ್ರಕರಣದ ಎರಡನೇ ತಿರುವು, ಕಲಿಯಬೇಕಾದದ್ದು ಹೆಚ್ಚಾಗಿ ಇರುವುದೂ ಇಲ್ಲೇ. ಇಡೀ ಬುಧವಾರ ಮೇಷ್ಟ್ರನ್ನು ಕೇಳಿದ ಪ್ರಶ್ನೆ ‘ಯಾವ ಖಾತೆಯಿಂದ ದುಡ್ಡು ಹೋಯಿತು?’ ಎಂಬುದು. ಕೇಳಬೇಕಿದ್ದ ಪ್ರಶ್ನೆ ‘ಯಾವ್ಯಾವ ಕಾರ್ಡ್ ತುಂಬಿದ್ರಿ?’ ಎಂಬುದು. ಎರಡನೇ ಕಾರ್ಡಿನ ಮಾತನ್ನು ಮೇಷ್ಟ್ರು ಮುಚ್ಚಿಟ್ಟರೆನ್ನಲಾಗದು, ಆದರೆ ತಾವಾಗಿ ಎತ್ತಲೂ ಇಲ್ಲ. ಮಗಳ ಮುಂದೆ, ಪರಿಚಯದ ಬ್ಯಾಂಕ್ ಸಿಬ್ಬಂದಿಯ ಮುಂದೆ, ಹಿಂದೆ ತಮ್ಮಿಂದಲೇ ಪಾಠ ಹೇಳಿಸಿಕೊಂಡಿದ್ದ ಪೇದೆಯ ಮುಂದೆ ಒಂದು ದಡ್ಡತನ ಒಪ್ಪಿಕೊಂಡಾಗಿತ್ತು. ಇನ್ನೊಂದನ್ನು ಸೇರಿಸಲು ನಾಲಿಗೆ ಏಳಲಿಲ್ಲ. ಹೋದ ಹಣದ ಲೆಕ್ಕ ಕೇಳುವವರು ಕೊಟ್ಟ ಮಾಹಿತಿಯ ಲೆಕ್ಕವನ್ನು ಮೊದಲು ಕೇಳಬೇಕು, ಅದೂ ದನಿ ಏರಿಸದೆ. ಆಧಾರ್ ಸಂಖ್ಯೆ ಕೊಟ್ಟಿರಾ, ಯಾವ ಕಾರ್ಡುಗಳು, ಯುಪಿಐ ಪಿನ್ ಎಲ್ಲಾದರೂ ಒತ್ತಿದಿರಾ, ಯಾವ ಫೈಲ್ ತೆರೆದಿರಿ, ಅವರು ಹೇಳಿದ ಯಾವುದಾದರೂ ಸಂಖ್ಯೆ ಡಯಲ್ ಮಾಡಿದಿರಾ ಎಂದು ಒಂದು ಹಾಳೆಯಲ್ಲಿ ಬರೆಸಿಕೊಂಡರೆ ಅದೇ ಮುಂದಿನ ಕೆಲಸದ ಪಟ್ಟಿಯೂ ಆಗುತ್ತದೆ.

ಇದಕ್ಕೆ ಕಾನೂನಿನ ಬೆಲೆಯೂ ಇದೆ. ರಿಸರ್ವ್ ಬ್ಯಾಂಕಿನ 2017ರ ಜುಲೈ 6ರ ಸುತ್ತೋಲೆಯ ಪ್ರಕಾರ, ಗ್ರಾಹಕರೇ ಕಾರ್ಡಿನ ಗುಟ್ಟು ಬಿಟ್ಟುಕೊಟ್ಟು ನಷ್ಟವಾದರೆ, ಬ್ಯಾಂಕಿಗೆ ತಿಳಿಸುವ ತನಕದ ನಷ್ಟ ಗ್ರಾಹಕರದು. ತಿಳಿಸಿದ ಮೇಲೆ ಆಗುವ ನಷ್ಟ ಬ್ಯಾಂಕಿನದು. ಹಳೇ ಬ್ಯಾಂಕಿಗೆ ಬುಧವಾರ ಬೆಳಿಗ್ಗೆ ಒಂದು ಫೋನ್ ಹೋಗಿದ್ದರೆ ಕಾರ್ಡೇ ಬ್ಲಾಕ್ ಆಗುತ್ತಿತ್ತು. ಆಗದಿದ್ದರೂ ಆ 18,000 ಮೇಷ್ಟ್ರ ತಲೆಯ ಮೇಲೆ ಬರುತ್ತಿರಲಿಲ್ಲ.

ಫೋನ್ ಶುದ್ಧಿ

ಗುರುವಾರ ಮಧ್ಯಾಹ್ನ ಮಗಳು ಊರಿಗೆ ಬಂದಳು. ಆಮೇಲಿನ ಕೆಲಸ ಸರಿಯಾಗಿ ನಡೆಯಿತು. ಆ ಕ್ರಮವನ್ನೇ ಯಾರೂ ಅನುಸರಿಸಬಹುದು.

ಮೊದಲು ಸಿಮ್ ತೆಗೆದು ಹಳೇ ಕೀಪ್ಯಾಡ್ ಫೋನಿಗೆ ಹಾಕಿದರು. ಎರಡು ನಿಮಿಷದ ಈ ಕೆಲಸದಿಂದ ಎರಡು ಲಾಭ: ಆ್ಯಪಿಗೆ ಇನ್ನು ಮೆಸೇಜ್ ಸಿಗುವುದಿಲ್ಲ, ಆದರೆ ಬ್ಯಾಂಕು, ಪೊಲೀಸರು ಕಳಿಸುವ ಮೆಸೇಜುಗಳು ನಿಮಗೆ ಸಿಗುತ್ತಲೇ ಇರುತ್ತವೆ. ಬುಧವಾರ ಬೆಳಿಗ್ಗೆಯೇ ಇದನ್ನು ಮಾಡಿದ್ದರೆ ಎರಡನೇ ನಷ್ಟದ ದಾರಿಯೇ ಮುಚ್ಚುತ್ತಿತ್ತು. ಸಿಮ್ ಹಾಕಿದ ಮೇಲೆ ಅದರಿಂದಲೇ ##002# ಡಯಲ್ ಮಾಡಿದರು. ಕರೆಗಳನ್ನು ಬೇರೆ ನಂಬರಿಗೆ ತಿರುಗಿಸಿದ್ದರೆ ಅದು ರದ್ದಾಗುತ್ತದೆ. ಕರೆಯಲ್ಲಿ ಬರುವ ಒಟಿಪಿಯನ್ನು ಕದಿಯಲು ಕರೆ ತಿರುಗಿಸುವುದು ಈ ಗುಂಪುಗಳ ಇನ್ನೊಂದು ದಾರಿ. ‘ವೆರಿಫಿಕೇಶನ್‌ಗೆ ಸ್ಟಾರ್ ಒತ್ತಿ ಈ ನಂಬರ್ ಹೊಡೆಯಿರಿ’ ಎಂದರೆ ಅದು ಇದೇ.

ಅನಂತರ ಸಾಕ್ಷ್ಯ. ಮಗಳು ತನ್ನ ಫೋನಿನಿಂದ ಅಪ್ಪನ ಫೋನಿನ ಪರದೆಗಳ ಫೋಟೊ ತೆಗೆದಳು: ಕರೆಯ ದಾಖಲೆ, ವಾಟ್ಸ್ಆ್ಯಪ್ ಚಾಟ್, ಫೈಲಿನ ಹೆಸರು. ಅಳಿಸುವುದಕ್ಕೆ ಮೊದಲು ಇದಾಗಬೇಕು.

ವೈ-ಫೈ ಬಂದ್ ಮಾಡಿ, ಸೆಟ್ಟಿಂಗ್ಸ್‌ನಲ್ಲಿ ಎಲ್ಲ ಆ್ಯಪ್‌ಗಳ ಪಟ್ಟಿ ತೆರೆದಾಗ ಆ ಆ್ಯಪ್ ಅಲ್ಲೇ ಇತ್ತು. ಐಕಾನ್ ಇಲ್ಲ, ಹೆಸರು ಸಿಸ್ಟಮ್ಮಿನ ಭಾಗವೇನೋ ಎಂಬಂತಿತ್ತು, ಇನ್‌ಸ್ಟಾಲ್ ಆದದ್ದು ಮಂಗಳವಾರ. ಅನ್‌ಇನ್‌ಸ್ಟಾಲ್ ಬಟನ್ ಮಂಕಾಗಿತ್ತು, ಒತ್ತಿದರೆ ಕೆಲಸ ಮಾಡುತ್ತಿರಲಿಲ್ಲ. ಅಕ್ಸೆಸಿಬಿಲಿಟಿಯಲ್ಲೂ ಡಿವೈಸ್ ಅಡ್ಮಿನ್ (ಫೋನಿನ ಮೇಲೆ ವಿಶೇಷ ಅಧಿಕಾರ ಪಡೆದ ಆ್ಯಪ್‌ಗಳ) ಪಟ್ಟಿಯಲ್ಲೂ ಅದಕ್ಕೆ ಕೊಟ್ಟಿದ್ದ ಅನುಮತಿ ಕಿತ್ತುಹಾಕಿದ ಮೇಲಷ್ಟೇ ಅದು ಹೋಯಿತು. ಅಷ್ಟಕ್ಕೆ ಬಿಡದೆ, ಫೋಟೊಗಳನ್ನು ಮಾತ್ರ ನಕಲು ಮಾಡಿಕೊಂಡು ಫ್ಯಾಕ್ಟರಿ ರೀಸೆಟ್ ಮಾಡಿದರು, ಅಂದರೆ ಫೋನಿನಲ್ಲಿದ್ದ ಎಲ್ಲವನ್ನೂ ಅಳಿಸಿದರು. ರೀಸೆಟ್ ಆದ ಮೇಲೆ ಹಳೇ ಬ್ಯಾಕಪ್‌ನಿಂದ ಆ್ಯಪ್‌ಗಳನ್ನು ಮರಳಿ ತರಲಿಲ್ಲ, ಬೇಕಾದವನ್ನು ಪ್ಲೇ ಸ್ಟೋರಿನಿಂದ ಹೊಸದಾಗಿ ಹಾಕಿದರು. ಪಾಸ್‌ವರ್ಡ್‌ಗಳನ್ನು ಬದಲಿಸಿದ್ದು ಮಗಳ ಲ್ಯಾಪ್‌ಟಾಪಿನಿಂದ. ಸೋಂಕು ತಗುಲಿದ ಫೋನಿನಲ್ಲೇ ಪಾಸ್‌ವರ್ಡ್ ಬದಲಿಸುವುದು, ಕಳ್ಳ ಒಳಗಿರುವಾಗಲೇ ಹೊಸ ಬೀಗ ಹಾಕಿದ ಹಾಗೆ.

ಆಧಾರ್ ಸಂಖ್ಯೆ ಹೋಗಿದ್ದರಿಂದ ಆಧಾರ್ ಪೋರ್ಟಲ್‌ನಲ್ಲಿ ಬಯೊಮೆಟ್ರಿಕ್ ಲಾಕ್ (ಬೆರಳಚ್ಚು, ಕಣ್ಣಿನ ಗುರುತುಗಳನ್ನು ಯಾರೂ ಬಳಸದಂತೆ ಬೀಗ) ಹಾಕಿದರು. ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ಪೋರ್ಟಲ್‌ನಲ್ಲಿ ಮೇಷ್ಟ್ರ ಹೆಸರಲ್ಲಿ ಬೇರೆ ಸಿಮ್‌ಗಳಿವೆಯೇ ಎಂದು ನೋಡಿದರು; ಇರಲಿಲ್ಲ. ಅದೇ ಪೋರ್ಟಲ್‌ನ ‘ಚಕ್ಷು’ ವಿಭಾಗದಲ್ಲಿ ಕರೆ ಬಂದ ನಂಬರನ್ನು ವರದಿ ಮಾಡಿದರು. ಚಕ್ಷು ಇರುವುದು ಅನುಮಾನಾಸ್ಪದ ಕರೆ, ಮೆಸೇಜುಗಳ ಬಗ್ಗೆ ತಿಳಿಸಲು. ಹಣ ಹೋಗಿದ್ದರೆ ದೂರು ಕೊಡಬೇಕಾದ ಜಾಗ 1930 ಮತ್ತು ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್. ಹಲವರು ಚಕ್ಷುವಿನಲ್ಲಿ ಬರೆದು, ದೂರು ಕೊಟ್ಟಾಯಿತು ಎಂದುಕೊಂಡು ಸುಮ್ಮನಾಗುತ್ತಾರೆ.

ಹೋದದ್ದು, ಬಂದದ್ದು

ಒಟ್ಟು ಹೋದದ್ದು 1,17,000 ರೂ. ತಡೆಹಿಡಿದಿದ್ದ 31,000 ನ್ಯಾಯಾಲಯದ ಆದೇಶದ ಮೇಲೆ ಕೆಲವು ತಿಂಗಳ ನಂತರ ಖಾತೆಗೆ ಮರಳಿತು. ಉಳಿದ 86,000 ಸಿಗಲಿಲ್ಲ.

ಮಂಡಿಯ ವಿಷಯಕ್ಕೆ ಬಂದರೆ, ಕರ್ನಾಟಕದ ಯೋಜನೆಯಲ್ಲಿ ತುರ್ತು ಚಿಕಿತ್ಸೆ ಬಿಟ್ಟು ಉಳಿದವಕ್ಕೆ ದಾರಿ ಶುರುವಾಗುವುದು ಸರ್ಕಾರಿ ಆಸ್ಪತ್ರೆಯಿಂದ. ಅಲ್ಲಿ ಪರೀಕ್ಷೆ ಮಾಡಿ, ಚಿಕಿತ್ಸೆ ಅಲ್ಲಿ ಆಗದಿದ್ದರೆ ರೆಫರಲ್ ಕೊಡುತ್ತಾರೆ. ರೇಷನ್ ಕಾರ್ಡು, ಆಧಾರ್ ಹಿಡಿದು ಆಸ್ಪತ್ರೆಯ ಆರೋಗ್ಯಮಿತ್ರರ (ಯೋಜನೆಯ ಮಾಹಿತಿ ಕೊಡುವ ಸಿಬ್ಬಂದಿಯ) ಮೇಜಿನ ಮುಂದೆ ಕೂತರೆ ಯಾವ ಯೋಜನೆ ಅನ್ವಯವಾಗುತ್ತದೆ, ಎಷ್ಟು ಸಿಗುತ್ತದೆ ಎಂಬುದು ಅಲ್ಲೇ ತಿಳಿಯುತ್ತದೆ. ಫೋನಿನಲ್ಲಿ ಕೇಳಬೇಕೆಂದರೆ ಆಯುಷ್ಮಾನ್ ಯೋಜನೆಯ ಸಹಾಯವಾಣಿ 14555ಕ್ಕೆ ನಾವೇ ಮಾಡಬೇಕು. ಈ ದಾರಿಯಲ್ಲಿ ಎಲ್ಲಿಯೂ ತಾನಾಗಿ ಬಂದ ಕರೆಯೊಂದು ಡೆಬಿಟ್ ಕಾರ್ಡಿನ ಹಿಂಬದಿಯ ಮೂರಂಕಿ ಕೇಳುವ ಹಂತ ಇಲ್ಲ. ಮೇಷ್ಟ್ರ ಮನೆಯವರು ಈಗ ಆ ದಾರಿಯಲ್ಲೇ ಹೋಗುತ್ತಿದ್ದಾರೆ. ನಿಧಾನ, ಆದರೆ ಎದುರಿಗೆ ಕೂತು ಮಾತಾಡುವ ಮನುಷ್ಯ ಇದ್ದಾನೆ.

ಮಗಳು ವಾಪಸ್ ಹೋಗುವ ಮೊದಲು ಟಿವಿಯ ಪಕ್ಕ ಒಂದು ಹಾಳೆ ಅಂಟಿಸಿದಳು. ಮೋಸದ ಕರೆ ಗುರುತಿಸುವ ಹತ್ತು ಲಕ್ಷಣಗಳನ್ನು ಬರೆಯಲು ಹೊರಟು, ಅವೆಲ್ಲಾ ಆರು ತಿಂಗಳಿಗೆ ಹಳತಾಗುತ್ತವೆ ಎನ್ನಿಸಿ ಬಿಟ್ಟಳು. ಬರೆದದ್ದು ಇಷ್ಟು: ‘ಬಂದ ಕರೆಯಲ್ಲಿ ಯಾವ ಕೆಲಸವನ್ನೂ ಮಾಡುವುದಿಲ್ಲ. ಇಟ್ಟು, ನಾವೇ ಮಾಡುತ್ತೇವೆ.’ ಕೆಳಗೆ ನಂಬರುಗಳು: 1930, 14555, ಎರಡು ಬ್ಯಾಂಕಿನವು, ಸ್ಟೇಷನ್ನಿನದು, ಅವಳದು.

ಹನ್ನೆರಡನೇ ದಿನ ಆ ಹಾಳೆಗೆ ಪರೀಕ್ಷೆ ಬಂತು. ಗಂಡಸಿನ ದನಿ, ಗತ್ತಿನ ಕನ್ನಡ. “ಸೈಬರ್ ಕ್ರೈಮಿಂದ. ನಿಮ್ಮ ದುಡ್ಡು ಸಿಕ್ಕಿದೆ ಮೇಷ್ಟ್ರೆ. ರಿಲೀಸ್ ಮಾಡೋಕೆ 2,500 ಕಟ್ಟಬೇಕು. ಕಂಪ್ಲೇಂಟ್ ನಂಬರ್ ಬರ್ಕೊಳ್ಳಿ” ಎಂದು ಸ್ವೀಕೃತಿ ಸಂಖ್ಯೆಯ ಅಂಕಿಗಳನ್ನೆಲ್ಲ ಓದಿ ಹೇಳಿದ. ಮೇಷ್ಟ್ರು ತಮ್ಮ ಹತ್ತಿರವಿದ್ದ ಚೀಟಿಯ ಜೊತೆ ತಾಳೆ ನೋಡಿದರು. ಒಂದಂಕಿಯೂ ತಪ್ಪಿರಲಿಲ್ಲ.

“ಸರಿ, ನಾನೇ ಸ್ಟೇಷನ್ನಿಗೆ ಮಾಡ್ತೀನಿ” ಎಂದು ಇಟ್ಟರು. ಹಾಳೆಯಲ್ಲಿದ್ದ ನಂಬರಿಗೆ ಮಾಡಿದರು. ಅಂಥ ಯಾವ ಶುಲ್ಕವೂ ಇಲ್ಲ, ಇಲ್ಲಿಂದ ಯಾರೂ ಕರೆ ಮಾಡಿಲ್ಲ ಎಂದರು. ಆ ಸಂಖ್ಯೆ ಹೊರಗಿನವನ ಕೈಗೆ ಹೇಗೆ ಹೋಯಿತೆಂದು ಪತ್ತೆಯಾದದ್ದು ಆ ಸಂಜೆ, ಮಗಳು ದಿನಾಂಕಗಳನ್ನು ಜೋಡಿಸಿದಾಗ: ಸ್ವೀಕೃತಿಯ ಎಸ್ಎಂಎಸ್ ಬಂದದ್ದು ಬುಧವಾರ 12:20ಕ್ಕೆ, ಸಿಮ್ ಕೀಪ್ಯಾಡ್ ಫೋನಿಗೆ ಹೋದದ್ದು ಗುರುವಾರ ಮಧ್ಯಾಹ್ನ.